ಏರುದಾರಿಯ ಮೇಲೆ ಬಾಜಿ: ಹೊಸಬರಿಗೊಂದು ಪಾಠ

ಸೈಕಲ್ ರೇಸಿನಲ್ಲಿ ಬೆಟ್ಟದ ತುದಿಗೆ ಮುಗಿಯುವ ಹಂತ ಬಂತೆಂದರೆ ಹೊಸಬರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಬೆಟ್ಟ ಹತ್ತುವುದರಲ್ಲಿ ಎಲ್ಲರಿಗಿಂತ ಗಟ್ಟಿಗ ಯಾರು?’ ಹೆಸರು ಸಿಕ್ಕಿತೋ, ಅದರ ಮೇಲೆ ಬಾಜಿ ಕಟ್ಟಿದರಾಯಿತು ಅಂದುಕೊಳ್ಳುತ್ತಾರೆ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ತಿಳಿಯಲು 2025ರ ಟೂರ್ ಡಿ ಫ್ರಾನ್ಸ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆ ವರ್ಷ ಸ್ಲೊವೇನಿಯಾದ ತಡೇ ಪೊಗಾಚಾರ್ ತಮ್ಮ ನಾಲ್ಕನೆಯ ಟೂರ್ ಗೆದ್ದರು. ಎರಡನೆಯವರಾದ ಡೆನ್ಮಾರ್ಕಿನ ಯೋನಾಸ್ ವಿಂಗೆಗಾರ್ಡ್ ಅವರಿಗಿಂತ 4 ನಿಮಿಷ 24 ಸೆಕೆಂಡು ಮುಂದಿದ್ದರು. ಎಲ್ಲರಿಗಿಂತ ಗಟ್ಟಿಗ ಯಾರೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಈಗ ಎಲ್ಲರೂ ಒಟ್ಟಿಗೆ ಹೊರಟು ಬೆಟ್ಟದ ಮೇಲೆ ಮುಗಿಸಿದ ದೊಡ್ಡ ಹಂತಗಳನ್ನಷ್ಟೇ ತೆಗೆದುಕೊಳ್ಳಿ. ಮೋಂ-ದೋರ್‌ನಲ್ಲಿ ಗೆದ್ದವರು ಸೈಮನ್ ಯೇಟ್ಸ್. ಒತಾಕಾಮ್‌ನಲ್ಲಿ ಪೊಗಾಚಾರ್. ಸುಪರ್‌ಬಾನ್ಯೇರ್‌ನಲ್ಲಿ ತೈಮನ್ ಆರೆನ್ಸ್‌ಮನ್. ಮೋಂ ವಾಂತೂನಲ್ಲಿ ವಾಲೆಂಟಿನ್ ಪಾರೆ-ಪಾಂತ್ರ. ಕೋಲ್ ದ ಲಾ ಲೋಜ್‌ನಲ್ಲಿ ಬೆನ್ ಒ’ಕಾನರ್. ಲಾ ಪ್ಲಾನ್‌ನಲ್ಲಿ ಮತ್ತೆ ಆರೆನ್ಸ್‌ಮನ್. ಆರರಲ್ಲಿ ಪೊಗಾಚಾರ್‌ಗೆ ದಕ್ಕಿದ್ದು ಒಂದು. ಅದಕ್ಕೂ ಹಿಂದಿನ ವರ್ಷ ಪ್ಲಾ ದಾದೆ, ಪ್ಲಾತೋ ದ ಬೇಯ್, ಇಸೋಲಾ 2000, ಕೋಲ್ ದ ಲಾ ಕುಯೋಲ್ ಎಂಬ ನಾಲ್ಕು ದೊಡ್ಡ ತುದಿಗಳನ್ನೂ ಅವರೊಬ್ಬರೇ ಗೆದ್ದಿದ್ದರು. ಆ ನೆನಪನ್ನು ನಂಬಿ ಮರುವರ್ಷ ಪ್ರತಿ ಬೆಟ್ಟಕ್ಕೂ ಅದೇ ಹೆಸರು ಬರೆದವರ ಹಣ ಆರರಲ್ಲಿ ಐದು ಸಲ ಹೋಯಿತು.

ಏಕೆ ಹೀಗೆ? ಹಲವು ಹಂತಗಳ ರೇಸಿನಲ್ಲಿ ಪ್ರತಿದಿನವೂ ಒಂದೇ ರಸ್ತೆಯಲ್ಲಿ ಎರಡು ಸ್ಪರ್ಧೆಗಳು ನಡೆಯುತ್ತಿರುತ್ತವೆ. ಒಂದು, ಅಂದಿನ ಹಂತವನ್ನು ಗೆಲ್ಲುವುದು. ಇನ್ನೊಂದು, ಅಷ್ಟೂ ದಿನಗಳ ಒಟ್ಟು ಸಮಯದಲ್ಲಿ ಮುಂದಿರುವುದು. ಹಳದಿ ಜೆರ್ಸಿ ಸಿಗುವುದು ಇದಕ್ಕೆ. ಟೂರ್‌ನಲ್ಲಿ 21 ಹಂತ, ಪ್ರತಿ ತಂಡದಲ್ಲಿ 8 ಸವಾರರು. 2025ರಲ್ಲಿ 23 ತಂಡ, 184 ಸವಾರರು ಹೊರಟಿದ್ದರು. ಇವರಲ್ಲಿ ಒಟ್ಟು ಸಮಯದ ಮೇಲೆ ಕಣ್ಣಿಟ್ಟವರು ಬೆರಳೆಣಿಕೆಯಷ್ಟು ಮಂದಿ. ಉಳಿದವರಲ್ಲಿ ಅನೇಕರಿಗೆ ಒಂದೇ ಒಂದು ಹಂತ ಗೆದ್ದರೂ ಅದು ಬಾಳಿನ ದೊಡ್ಡ ದಿನ. ಬೆಳಿಗ್ಗೆ ಹೊರಟ ಸ್ವಲ್ಪ ಹೊತ್ತಿಗೇ ಹತ್ತಿಪ್ಪತ್ತು ಮಂದಿ ಗುಂಪಿನಿಂದ ಕಿತ್ತುಕೊಂಡು ಮುಂದೆ ಓಡುತ್ತಾರೆ. ಇದಕ್ಕೆ ಬ್ರೇಕ್‌ಅವೇ ಎನ್ನುತ್ತಾರೆ. ಅವರಲ್ಲಿ ಯಾರೂ ಒಟ್ಟು ಸಮಯದಲ್ಲಿ ಹಳದಿ ಜೆರ್ಸಿಗೆ ಅಪಾಯ ತರುವಷ್ಟು ಹತ್ತಿರದಲ್ಲಿ ಇಲ್ಲದಿದ್ದರೆ ನಾಯಕನ ತಂಡ ಅವರನ್ನು ಹೋಗಗೊಡುತ್ತದೆ. ಅರ್ಧ ಗಂಟೆ ಹಿಂದಿರುವವನು ಐದು ನಿಮಿಷ ಗಳಿಸಿಕೊಂಡರೆ ನಾಯಕನಿಗೇನು ನಷ್ಟ?

ಬ್ರೇಕ್‌ಅವೇಯನ್ನು ಹಿಡಿಯಬೇಕೆಂದರೆ ಯಾರಾದರೂ ಮುಂದೆ ಬಂದು ಗಂಟೆಗಟ್ಟಲೆ ಗಾಳಿಗೆ ಎದೆಯೊಡ್ಡಿ ಗುಂಪನ್ನು ಎಳೆಯಬೇಕು. ಎಳೆದ ಕಾಲುಗಳು ನಾಳೆಗೆ ಉಳಿಯುವುದಿಲ್ಲ. ಹಂತದ ಮೊದಲ ಮೂವರಿಗೆ 10, 6, 4 ಸೆಕೆಂಡು ಬೋನಸ್ ಇದೆ ನಿಜ. ಆದರೆ ಅದನ್ನು ಬ್ರೇಕ್‌ಅವೇಯವರು ತೆಗೆದುಕೊಂಡು ಹೋದರೆ ಎದುರಾಳಿಗೂ ಸಿಗುವುದಿಲ್ಲ. ಹತ್ತಿರದಲ್ಲೇ ಬೆನ್ನಟ್ಟುವ ಎದುರಾಳಿಯಿರುವ ನಾಯಕನಿಗೆ ಎಷ್ಟೋ ಸಲ ಇದೇ ಅನುಕೂಲ. ಹಾಗಾಗಿ ಬಾಜಿಯ ಮಾತಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇಂದು ಬ್ರೇಕ್‌ಅವೇಯನ್ನು ಬೆನ್ನಟ್ಟುವ ಗರಜು ಯಾವ ತಂಡಕ್ಕಿದೆ? ‘ಯಾರಿಗೂ ಇಲ್ಲ’ ಎಂಬ ಉತ್ತರ ಬಂದರೆ ಗಟ್ಟಿಗನ ಹೆಸರನ್ನು ಪಕ್ಕಕ್ಕಿಡಿ.

ಇದನ್ನು ಹತ್ತಿರದಿಂದ ನೋಡಲು 2023ರ ಜುಲೈ 9ಕ್ಕೆ ಹೋಗೋಣ. ಮಧ್ಯ ಫ್ರಾನ್ಸಿನ ಪುಯಿ ದ ದೋಮ್ ಎಂಬ ಆರಿದ ಜ್ವಾಲಾಮುಖಿಗೆ ಟೂರ್ 1988ರ ನಂತರ ಮೊದಲ ಸಲ ಮರಳಿತ್ತು. ಏರು 13 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ಇಳಿಜಾರು ಸುಮಾರು ಶೇ 12, ಅಂದರೆ ನೂರು ಮೀಟರ್ ಮುಂದೆ ಹೋದರೆ ಹನ್ನೆರಡು ಮೀಟರ್ ಮೇಲೆ. ತುದಿಯ ಆ ಭಾಗದಲ್ಲಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಟೂರ್‌ನ ಬೆಟ್ಟಗಳಲ್ಲಿ ಸದಾ ಇರುವ ಜನಜಂಗುಳಿಯ ಕೂಗಿಲ್ಲದೆ ರಸ್ತೆ ಬಿಕೋ ಎನ್ನುತ್ತಿತ್ತು. ಬ್ರೇಕ್‌ಅವೇಯಿಂದ ಅಮೆರಿಕದ ಮಾಟಿಯೊ ಜಾರ್ಗೆನ್ಸನ್ ಒಬ್ಬರೇ ಮುಂದೆ ಹೋಗಿ ಬಹಳ ದೂರ ಒಂಟಿಯಾಗಿ ತುಳಿದಿದ್ದರು. ಹಿಂದಿನಿಂದ ಕೆನಡಾದ 36 ವರ್ಷದ ಮೈಕಲ್ ವುಡ್ಸ್ ತಮ್ಮದೇ ಲಯದಲ್ಲಿ ಒಬ್ಬೊಬ್ಬರನ್ನೇ ದಾಟುತ್ತ ಬಂದು, ಕೊನೆಯ ಕಿಲೋಮೀಟರಿನೊಳಗೆ ಜಾರ್ಗೆನ್ಸನ್ ಅವರನ್ನು ಹಿಡಿದು ಗೆದ್ದರು. ಪೊಗಾಚಾರ್ ಮತ್ತು ವಿಂಗೆಗಾರ್ಡ್ ಆ ಹೊತ್ತಿಗೆ ಇನ್ನೂ ಕೆಳಗಿದ್ದರು, ಎಂಟು ನಿಮಿಷಕ್ಕೂ ಹಿಂದೆ. ಅವರಿಬ್ಬರ ಕಾಳಗ ಅಂದು ನಿಜಕ್ಕೂ ನೋಡುವಂತಿತ್ತು: ಪೊಗಾಚಾರ್ ಕೊನೆಯಲ್ಲಿ ಎದ್ದು 8 ಸೆಕೆಂಡು ಕಸಿದುಕೊಂಡರು. ಟಿವಿಯ ಕ್ಯಾಮೆರಾ ಬಹುಪಾಲು ಅವರ ಮೇಲೇ ಇತ್ತು. ಹಂತದ ಗೆಲುವಿನ ಲೆಕ್ಕಕ್ಕೆ ಮಾತ್ರ ಆ ಕಾಳಗ ಬರಲೇ ಇಲ್ಲ.

ವುಡ್ಸ್ ಯುವಕರಾಗಿದ್ದಾಗ ಮಧ್ಯಮ ದೂರದ ಓಟಗಾರರು, ಹಗುರ ಮೈಕಟ್ಟು, ಕಡಿದಾದ ಏರಿನಲ್ಲಿ ಹೆಸರುವಾಸಿ. ಅಂದು ಬೆಳಿಗ್ಗೆ ‘ನಾಯಕರು ಇಂದು ಬೆನ್ನಟ್ಟುವುದಿಲ್ಲ, ಹಾಗಾದರೆ ಮುಂದೆ ಹೋಗುವವರಲ್ಲಿ ಶೇ 12ರ ಏರಿಗೆ ತಕ್ಕವರು ಯಾರು’ ಎಂದು ಕೇಳಿಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಖಂಡಿತ ಇರುತ್ತಿತ್ತು.

ಇನ್ನು ಏರಿನ ವಿಚಾರ. ಸಮತಟ್ಟು ರಸ್ತೆಯಲ್ಲಿ ಇನ್ನೊಬ್ಬರ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿಮರೆ ಸಿಕ್ಕಿ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಬೆಟ್ಟದಲ್ಲಿ ವೇಗ ಗಂಟೆಗೆ 20 ಕಿಲೋಮೀಟರಿನ ಆಸುಪಾಸಿಗೆ ಇಳಿದಾಗ ಆ ಉಳಿತಾಯ ಬಹಳ ಕಡಿಮೆಯಾಗುತ್ತದೆ. ಅಲ್ಲಿ ಎದುರಾಳಿ ಗಾಳಿಯಲ್ಲ, ಸ್ವಂತ ಮೈಭಾರ. ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಸೈಕಲ್ ತುಳಿದವರಿಗೆ ಇದು ಅನುಭವದ ಮಾತು: ದೇವನಹಳ್ಳಿಯವರೆಗೆ ಗುಂಪಿನಲ್ಲಿ ಆರಾಮಾಗಿ ಬಂದವರು ಘಾಟಿ ಶುರುವಾದ ಮೇಲೆ ಒಬ್ಬೊಬ್ಬರೇ ಚದುರಿಹೋಗುತ್ತಾರೆ. ವೃತ್ತಿಪರರಲ್ಲಿ ಶೇ 8ರ ಏರನ್ನು 20 ಕಿಲೋಮೀಟರ್ ವೇಗದಲ್ಲಿ ಹತ್ತಲು ಪ್ರತಿ ಕಿಲೋ ಮೈತೂಕಕ್ಕೆ ಹೆಚ್ಚುಕಡಿಮೆ 6 ವಾಟ್ ಶಕ್ತಿ ಬೇಕು. ಅದನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿದಿಡಬಲ್ಲವರು ಜಗತ್ತಿನಲ್ಲೇ ಕೆಲವರು.

ಆದರೆ ‘ಏರಿನಲ್ಲಿ ಮುಕ್ತಾಯ’ ಎಂದ ಮಾತ್ರಕ್ಕೆ ಎಲ್ಲ ಏರುಗಳೂ ಒಂದೇ ಆಗುವುದಿಲ್ಲ. ಬ್ರಿಟನಿಯ ಮ್ಯೂರ್ ದ ಬ್ರತಾನ್ಯ್ ಬರೀ ಎರಡು ಕಿಲೋಮೀಟರ್, ಸರಾಸರಿ ಶೇ 7ರ ಹತ್ತಿರ. ಕೆಲವೇ ನಿಮಿಷಗಳ ಸ್ಫೋಟದ ಕೆಲಸ. 2021ರಲ್ಲಿ ಅದನ್ನು ಗೆದ್ದು ಹಳದಿ ಜೆರ್ಸಿ ಹೊತ್ತವರು ಮಾಥ್ಯೂ ವಾನ್ ಡರ್ ಪೂಲ್. ದೊಡ್ಡ ಬೆಟ್ಟಗಳಲ್ಲಿ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ಕೋಲ್ ದ ಲಾ ಲೋಜ್ ಇದಕ್ಕೆ ತದ್ವಿರುದ್ಧ: 26 ಕಿಲೋಮೀಟರ್ ಉದ್ದ, ತುದಿ 2,300 ಮೀಟರ್ ಎತ್ತರದಲ್ಲಿ, ಗಾಳಿಯಲ್ಲಿ ಆಮ್ಲಜನಕ ತೆಳು. ಸರಾಸರಿ ಇಳಿಜಾರಿನ ಅಂಕಿಯನ್ನು ಮಾತ್ರ ನೋಡಿ ಮೋಸಹೋಗಬೇಡಿ. ನಡುವೆ ಸ್ವಲ್ಪ ಸಮತಟ್ಟಿದ್ದರೆ ಸರಾಸರಿ ತಗ್ಗಿಬಿಡುತ್ತದೆ, ಕಡಿದಾದ ತುಂಡು ಅದರೊಳಗೆ ಅಡಗಿರುತ್ತದೆ. ಆ ತುಂಡು ಗುರಿಗೆ ಎಷ್ಟು ದೂರದಲ್ಲಿದೆ ಎಂದು ಕಿಲೋಮೀಟರ್ ಕಿಲೋಮೀಟರಿಗೆ ನೋಡಿ.

ಕೊನೆಯ ಏರಿಗೆ ಮುಂಚಿನ ದಾರಿಯೂ ಅಷ್ಟೇ ಮುಖ್ಯ. 2022ರಲ್ಲಿ ಕೋಲ್ ದು ಗ್ರಾನೋಂಗೆ ಹೋಗುವ ದಾರಿಯಲ್ಲಿ ಗಾಲಿಬಿಯೇ ಪರ್ವತವಿತ್ತು. ವಿಂಗೆಗಾರ್ಡ್ ಅವರ ತಂಡ ಅಲ್ಲಿಂದಲೇ ಸರದಿಯಂತೆ ದಾಳಿ ಮಾಡಿ, ಹಳದಿ ಜೆರ್ಸಿಯಲ್ಲಿದ್ದ ಪೊಗಾಚಾರ್ ಪ್ರತಿಯೊಂದಕ್ಕೂ ಉತ್ತರ ಕೊಡುವಂತೆ ಮಾಡಿತು. ಗ್ರಾನೋಂನ ಕೊನೆಯ ಕಿಲೋಮೀಟರುಗಳಲ್ಲಿ ಪೊಗಾಚಾರ್ ಕುಸಿದರು. ವಿಂಗೆಗಾರ್ಡ್‌ಗಿಂತ 2 ನಿಮಿಷ 51 ಸೆಕೆಂಡು ಹಿಂದೆ ಬಿದ್ದರು. ಕೊನೆಯ ಏರಿನ ನಕ್ಷೆಯನ್ನು ಮಾತ್ರ ನೋಡಿದ್ದವರಿಗೆ ಇದು ಊಹಿಸಲಾಗದ ಸಂಗತಿ.

ಹವಾಮಾನವಂತೂ ಕೊನೇ ಗಳಿಗೆಯಲ್ಲಿ ರಸ್ತೆಯನ್ನೇ ಬದಲಿಸುತ್ತದೆ. 2016ರ ಜುಲೈ 14ರಂದು ಮೋಂ ವಾಂತೂ ತುದಿಯಲ್ಲಿ ಗಾಳಿ ವಿಪರೀತವಾಗಿ ಗುರಿಯನ್ನು ಸುಮಾರು ಆರು ಕಿಲೋಮೀಟರ್ ಕೆಳಗೆ, ಷಾಲೆ ರೆನಾರ್‌ಗೆ ಇಳಿಸಿದರು. ಇಕ್ಕಟ್ಟಿನ ಜನಸಂದಣಿಯಲ್ಲಿ ಮೋಟರ್‌ಬೈಕಿನಿಂದಾಗಿ ಬಿದ್ದ ಕ್ರಿಸ್ ಫ್ರೂಮ್, ಸೈಕಲ್ ಮುರಿದು, ಹಳದಿ ಜೆರ್ಸಿಯಲ್ಲೇ ಏರಿನಲ್ಲಿ ಓಡಿದ್ದು ಆ ದಿನವೇ. ಹಂತ ಗೆದ್ದವರು ಬ್ರೇಕ್‌ಅವೇಯ ತೋಮಸ್ ದ ಗೆಂಟ್. 2025ರಲ್ಲಿ ಲಾ ಪ್ಲಾನ್ ಹಂತಕ್ಕೆ ಅಡ್ಡಬಂದದ್ದು ದನಗಳ ರೋಗ, ನಮ್ಮ ರೈತರಿಗೂ ಚೆನ್ನಾಗಿ ಗೊತ್ತಿರುವ ಚರ್ಮಗಂಟು ರೋಗ. ಸೆಜೀ ಘಾಟಿಯ ಬಳಿ ರೋಗ ಕಾಣಿಸಿಕೊಂಡಿದ್ದರಿಂದ ಆ ಘಾಟಿಯನ್ನು ಬಿಟ್ಟು ಹಂತವನ್ನು ಮೊಟಕುಗೊಳಿಸಿದರು. ಅಂದು ಕೊನೆಯ ಏರಿನಲ್ಲಿ ಆರೆನ್ಸ್‌ಮನ್ ಮುಂದೆ ಹೋದರು, ಪೊಗಾಚಾರ್ ಮತ್ತು ವಿಂಗೆಗಾರ್ಡ್ ಒಬ್ಬರನ್ನೊಬ್ಬರು ನೋಡುತ್ತ ಉಳಿದರು. ಗುರಿಯಲ್ಲಿ ಉಳಿದ ಅಂತರ ಎರಡೇ ಸೆಕೆಂಡು.

ಈಗ ಹಣದ ಲೆಕ್ಕ. ಹೊಸಬರು ಎಡವುವುದು ಇಲ್ಲೇ ಹೆಚ್ಚು. ಬುಕ್ಕಿ ಒಬ್ಬ ಸವಾರನಿಗೆ 1.60 ರೇಟ್ ಕೊಟ್ಟಿದ್ದಾನೆ ಎಂದಿಟ್ಟುಕೊಳ್ಳಿ. ನೂರು ರೂಪಾಯಿ ಕಟ್ಟಿ ಗೆದ್ದರೆ ಅಸಲೂ ಸೇರಿ 160 ಕೈಗೆ ಬರುತ್ತದೆ. 100ನ್ನು 1.60ರಿಂದ ಭಾಗಿಸಿ: 62.5. ಅಂದರೆ ಆತ ನೂರರಲ್ಲಿ 62ಕ್ಕಿಂತ ಹೆಚ್ಚು ಸಲ ಗೆದ್ದರೆ ಮಾತ್ರ ಈ ಬಾಜಿ ನಿಮಗೆ ಗಿಟ್ಟುತ್ತದೆ. ನಾನು ಮೇಲೆ ಹೇಳಿದ ಆರು ಹಂತಗಳಿಗೂ ಈ ಊಹೆಯ ರೇಟಿನಲ್ಲಿ ನೂರು ನೂರು ಕಟ್ಟಿದ್ದರೆ ಹೋಗುವುದು 600, ಬರುವುದು 160. ‘ಗೆಲ್ಲುವ ಸಾಧ್ಯತೆ ಅವನಿಗೇ ಹೆಚ್ಚು’ ಎಂಬುದು ಸರಿಯಿದ್ದರೂ ರೇಟು ತೀರಾ ಕಡಿಮೆಯಿದ್ದರೆ ಬಾಜಿ ಕೆಟ್ಟದ್ದೇ.

ಇನ್ನೂ ಒಂದು ಹೆಜ್ಜೆ ಹೋಗಿ. ಮೊದಲ ನಾಲ್ವರ ರೇಟ್ 1.60, 5, 10, 20 ಇದ್ದರೆ ಅವು ಸೂಚಿಸುವ ಸಾಧ್ಯತೆಗಳು 62.5, 20, 10, 5. ಕೂಡಿದರೆ ಆಗಲೇ 97.5. ಉಳಿದ ನೂರಕ್ಕೂ ಹೆಚ್ಚು ಸವಾರರ ರೇಟುಗಳು ಇನ್ನೂ ಬಾಕಿ ಇವೆ. ಅವನ್ನೂ ಕೂಡಿದರೆ ಮೊತ್ತ ನೂರನ್ನು ಎಷ್ಟೋ ದಾಟುತ್ತದೆ. ನಿಜವಾದ ಸಾಧ್ಯತೆಗಳು ನೂರಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲವಲ್ಲ? ಆ ಹೆಚ್ಚುವರಿ ಬುಕ್ಕಿಯ ಕಮಾಯಿ. ಯಾರು ಗೆದ್ದರೂ ಅದು ಮೊದಲೇ ನಿಮ್ಮ ಜೇಬಿನಿಂದ ಹೋಗಿರುತ್ತದೆ. ಕ್ರಿಕೆಟ್ಟಿನಂತೆ ಎರಡೇ ತಂಡಗಳಿದ್ದಾಗ ಇದು ಸಣ್ಣದಿರುತ್ತದೆ. ಹೆಸರುಗಳು ಹೆಚ್ಚಿದಷ್ಟೂ ಇದು ಬೆಳೆಯುತ್ತದೆ.

ಇಬ್ಬರು ಸವಾರರಲ್ಲಿ ಯಾರು ಮುಂದೆ ಮುಗಿಸುತ್ತಾರೆ, ಮೊದಲ ಮೂವರಲ್ಲಿ ಯಾರಿರುತ್ತಾರೆ ಎಂಬ ಬಾಜಿಗಳೂ ಇವೆ. ಬ್ರೇಕ್‌ಅವೇಯ ಗೊಂದಲ ತಟ್ಟದ ಇಬ್ಬರು ನಾಯಕರ ನಡುವಿನದಾದರೆ ಕಲಿಯುವವರಿಗೆ ಮೊದಲನೆಯದು ತಿಳಿಯಾಗಿದೆ. ರೇಸು ನಡೆಯುತ್ತಿರುವಾಗಲೇ ಕಟ್ಟುವ ಬಾಜಿಯನ್ನು ಮಾತ್ರ ನಾನು ಯಾರಿಗೂ ಹೇಳಿಕೊಡುವುದಿಲ್ಲ. ನೀವು ನೋಡುವ ಚಿತ್ರ ರಸ್ತೆಯಿಂದ ನಿಮ್ಮ ಪರದೆಗೆ ಬರುವಷ್ಟರಲ್ಲಿ ಹಲವು ಸೆಕೆಂಡು ಕಳೆದಿರುತ್ತವೆ. ಒಬ್ಬ ಸವಾರ ಸೀಟಿನಿಂದೆದ್ದು ದಾಳಿ ಮಾಡಿದ್ದು ನಿಮಗೆ ಕಾಣುವ ಹೊತ್ತಿಗೆ ರೇಟು ಬದಲಾಗಿರುತ್ತದೆ.

ಕಾನೂನಿನ ಮಾತು ಸ್ಪಷ್ಟವಾಗಿರಲಿ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿಸುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಬ್ರಿಟನ್ನಿನಂಥ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಪರವಾನಗಿ ಪಡೆದ ಬುಕ್ಕಿಗಳ ಬಳಿ ಇದು ಕಾನೂನುಬದ್ಧ, 18 ವರ್ಷ ತುಂಬಿರಬೇಕು. ಇಲ್ಲಿರುವ ನಾವು ಇದನ್ನು ಕಲಿಯುವುದು ರೇಸನ್ನು ಓದಲಿಕ್ಕೆ. ಈ ಲೆಕ್ಕ ಕಲಿಯಲು ಒಂದು ಪೈಸೆಯೂ ಬೇಕಿಲ್ಲ, ಮತ್ತು ಹಾಗೆ ಕಲಿತವರೇ ಬೆಟ್ಟದ ಹಂತವನ್ನು ಹೆಚ್ಚು ಸವಿಯುತ್ತಾರೆಂದು ನಾನು ನಂಬಿದ್ದೇನೆ.

ಮುಂದಿನ ಜುಲೈನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹಂತ ಹೊರಡುವ ಮೊದಲು ಒಂದು ಪುಟದಲ್ಲಿ ಬರೆಯಿರಿ: ಬ್ರೇಕ್‌ಅವೇ ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು, ಏಕೆ, ಬೆನ್ನಟ್ಟುವ ತಂಡ ಯಾವುದು, ಅತಿ ಕಡಿದಾದ ತುಂಡು ಗುರಿಗೆ ಎಷ್ಟು ದೂರ, ನಾಳೆ ಎಂಥ ಹಂತ, ವಿಶ್ರಾಂತಿ ದಿನ ಯಾವಾಗ. ಆಮೇಲೆ ಮೂರು ಹೆಸರು, ಪ್ರತಿಯೊಂದರ ಮುಂದೆ ನಿಮ್ಮ ಅಂದಾಜಿನ ಶೇಕಡಾವಾರು. ಮೂರು ಹೆಸರಿಗೂ ‘ಉಳಿದವರು’ ಎಂಬ ಸಾಲಿಗೂ ಸೇರಿ ಮೊತ್ತ ಸರಿಯಾಗಿ ನೂರು ಇರಬೇಕು. ಹಂತ ಮುಗಿದ ಮೇಲೆ ಬೇರೆ ಬಣ್ಣದ ಶಾಯಿಯಲ್ಲಿ ಫಲಿತಾಂಶ ಬರೆದು, ಊಹೆ ತಪ್ಪಿದ್ದು ಹೆಸರಿನಲ್ಲೋ ಬೆನ್ನಟ್ಟುವ ತಂಡದ ಲೆಕ್ಕದಲ್ಲೋ ಎಂದು ಗುರುತು ಹಾಕಿ. ‘ಉಳಿದವರು’ ಎಂಬ ಸಾಲಿಗೆ ಮೊದಲ ವಾರ ನೀವು ಹಾಕುವ ಅಂಕಿ ತೀರಾ ಸಣ್ಣದಿರುತ್ತದೆ; ಮೂರನೆಯ ವಾರದ ಹೊತ್ತಿಗೆ ಅದು ತಾನಾಗಿ ಬೆಳೆದಿರುತ್ತದೆ.