ಕೆಮ್ಮು ನಿಂತಿತೆಂದು ಗುಳಿಗೆ ನಿಲ್ಲಿಸಬೇಡಿ

ಕ್ಷಯರೋಗಕ್ಕೆ ಗುಳಿಗೆ ಆರಂಭಿಸಿದ ಒಂದೆರಡು ತಿಂಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ಊಟ ರುಚಿಸುತ್ತದೆ. ಅನೇಕರು ಗುಳಿಗೆ ಬಿಡುವುದೂ ಆಗಲೇ. ತಿಮ್ಮಾಪುರದ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ದವಾಖಾನೆಗೆ ಹೋದರೆ ಕೂಲಿಯವರಿಗೆ ಆ ದಿನದ ಪಗಾರ ತಪ್ಪುತ್ತದೆ ಎಂಬ ಕಷ್ಟವೂ ಇದೆ.

ಆದರೆ ಆರಾಮ ಎನಿಸುವುದು ಬೇರೆ, ಗುಣವಾಗುವುದು ಬೇರೆ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು ನಾಲ್ಕು ಔಷಧಿ, ನಂತರದ 4 ತಿಂಗಳು ಮೂರು. ನಡುವೆ ಬಿಟ್ಟರೆ ಉಳಿದ ರೋಗಾಣುಗಳು ಮತ್ತೆ ಬೆಳೆಯುತ್ತವೆ, ಔಷಧಿಗೆ ಬಗ್ಗದಂತಾಗಲೂಬಹುದು. ಆಗ ಚಿಕಿತ್ಸೆ ಕಠಿಣ, ಮನೆಯ ಮಕ್ಕಳಿಗೂ ಅಪಾಯ.

ಎರಡು ದಶಕಗಳ ಹಿಂದೆ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಐವಿ ಹೆಚ್ಚಾಗಿ ಕಂಡುಬಂದಿತ್ತು. ಎಚ್‌ಐವಿ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ. 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಎಆರ್‌ಟಿ ಗುಳಿಗೆ ಜೀವನಪರ್ಯಂತ ಬೇಕು. ಎರಡೂ ಕಾಯಿಲೆ ಇದ್ದರೆ ಕ್ಷಯದ ರಿಫಾಂಪಿಸಿನ್ ಔಷಧಿಯು ಎಚ್‌ಐವಿಯ ಡೊಲುಟೆಗ್ರಾವಿರ್ ಬಲವನ್ನು ತಗ್ಗಿಸುತ್ತದೆ. ಅದಕ್ಕೆಂದೇ ವೈದ್ಯರು ಡೊಲುಟೆಗ್ರಾವಿರ್ ಅನ್ನು ದಿನಕ್ಕೆ ಎರಡು ಸಲ ಕೊಡುತ್ತಾರೆ. ಒಂದು ಸಾಕೆಂದು ನೀವೇ ಬಿಡಬೇಡಿ.

ಮನೆಯವರು ನೆನಪಿಡಬೇಕಾದುದು:

• ಮೂತ್ರ ಕಿತ್ತಳೆ ಬಣ್ಣವಾದರೆ ಅದು ಔಷಧಿಯ ಬಣ್ಣ; ಭಯ ಬೇಡ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ತಕ್ಷಣ ದವಾಖಾನೆಗೆ ಹೋಗಿ.

• ದುಡಿಯಲು ಪರವೂರಿಗೆ ಹೋಗುವ ಮುನ್ನ ಕ್ಷಯ ವಿಭಾಗಕ್ಕೂ ಎಆರ್‌ಟಿ ಕೇಂದ್ರಕ್ಕೂ ತಿಳಿಸಿ. ಹೋದ ಊರಲ್ಲೂ ಚಿಕಿತ್ಸೆ ಮುಂದುವರಿಸಬಹುದು. ನಿಕ್ಷಯ್ ಸಂಖ್ಯೆ ಜೊತೆಗಿರಲಿ.

• ಯುನಾನಿ ವೈದ್ಯನಾಗಿ ಹೇಳುತ್ತೇನೆ: ಮಾಜೂನ್, ಜೋಶಾಂದಗಳು ಈ ಗುಳಿಗೆಗಳ ಜಾಗ ತುಂಬಲಾರವು. ಕಬ್ಬಿಣ, ಸುಣ್ಣದ ಅಂಶವಿರುವ ಔಷಧಿ ಹಾಗೂ ಹೊಟ್ಟೆಯುರಿಯ ಮಾತ್ರೆಗಳು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡಬಲ್ಲವು. ಬೇರೇನು ಸೇವಿಸುತ್ತಿದ್ದರೂ ಎಆರ್‌ಟಿ ವೈದ್ಯರಿಗೆ ಹೇಳಿ.

• ರಮಝಾನಿನಲ್ಲಿ ಗುಳಿಗೆ ತಪ್ಪಿಸಬೇಡಿ. ರೋಗಿಗೆ ರೋಜಾ ಮುಂದೂಡಲು ಅಲ್ಲಾಹನೇ ವಿನಾಯಿತಿ ಕೊಟ್ಟಿದ್ದಾನೆ. ಹೊತ್ತು ಬದಲಿಸುವುದಿದ್ದರೆ ಮೊದಲೇ ವೈದ್ಯರನ್ನು ಕೇಳಿ.

• ಕ್ಷಯರೋಗಿಯ ಆಹಾರಕ್ಕೆ ಸರ್ಕಾರ ಬ್ಯಾಂಕ್ ಖಾತೆಗೆ ಹಾಕುವ ನೆರವು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ. ಕೇಳಿ ಪಡೆಯಿರಿ.

ನೆರೆಹೊರೆಗೆ ತಿಳಿದೀತೆಂಬ ಅಂಜಿಕೆಯಿಂದ ಗುಳಿಗೆ ಬಚ್ಚಿಟ್ಟು ನುಂಗುವವರಿದ್ದಾರೆ. ಬಚ್ಚಿಟ್ಟದ್ದು ಮರೆತೂ ಹೋಗುತ್ತದೆ. ಎಚ್‌ಐವಿ ಒಂದೇ ದಸ್ತರ್‌ಖಾನಿನಲ್ಲಿ ಉಂಡರೆ ಅಂಟದು. ಕ್ಷಯವೂ ಸರಿಯಾದ ಚಿಕಿತ್ಸೆಯ ಕೆಲವು ವಾರಗಳಲ್ಲಿ ಹರಡುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಆದ್ದರಿಂದ ರೋಗಿಯನ್ನು ದೂರವಿಡಬೇಡಿ. ಗುಳಿಗೆಯ ಹೊತ್ತನ್ನು ನೆನಪಿಸುವ ಹೊಣೆಯನ್ನು ಮನೆಯ ಒಬ್ಬರು ಹೊರಲಿ. ಒಂದು ದಿನ ತಪ್ಪಿದರೆ ಗದರಬೇಡಿ. ಮರುದಿನ ತಪ್ಪದಂತೆ ನೋಡಿಕೊಳ್ಳಿ.