ಬಾಡಿಗೆ ಮನೆಯೂ ಕುಟುಂಬಕ್ಕೆ ಆಸರೆ



ತೊಗರಿ ರಾಶಿ ಮುಗಿದ ಮೇಲೆ ಅಫಜಲಪುರ ತಾಲ್ಲೂಕಿನ ಕರಜಗಿಯಂಥ ಊರುಗಳಲ್ಲಿ ಹೊಲದ ಕೆಲಸ ಕಡಿಮೆಯಾಗುತ್ತದೆ. ಕೂಲಿಯನ್ನೇ ನಂಬಿದವರು ಗುಳೆ ಹೊರಡುತ್ತಾರೆ. ಕೆಲವರು ಮುಂಬಯಿ, ಪುಣೆಗೆ, ಕೆಲವರು ಬೆಂಗಳೂರಿಗೆ, ಮತ್ತೆ ಕೆಲವರು ಘಟ್ಟ ಇಳಿದು ಕರಾವಳಿಗೆ. ಮಂಗಳೂರು, ಉಡುಪಿಗಳಲ್ಲಿ ಏಳುತ್ತಿರುವ ಕಟ್ಟಡಗಳ ಹಿಂದೆ ಉತ್ತರ ಕರ್ನಾಟಕದವರ ಬೆವರು ಬಹಳಷ್ಟಿದೆ. ಆದರೆ ಪರರಿಗೆ ಮನೆ ಕಟ್ಟಿಕೊಡುವವನಿಗೆ ತನ್ನ ಸಂಸಾರ ಇಡಲು ಕೈಗೆಟಕುವ ಬಾಡಿಗೆಯ ಮನೆ ಸಿಗುವುದು ಕಷ್ಟ. ಸಿಗದಿದ್ದರೆ ಏನಾಗುತ್ತದೆ? ಗಂಡ ಕೆಲಸದ ಜಾಗದ ಶೆಡ್ಡಿನಲ್ಲಿ, ಹೆಂಡತಿ ಮಕ್ಕಳು ದೂರದ ಊರಿನಲ್ಲಿ. ಒಂದು ಸಂಸಾರ ಎರಡಾಗುತ್ತದೆ.

1983ರಲ್ಲಿ ಪವಿತ್ರ ಪೀಠವು ಕುಟುಂಬದ ಹಕ್ಕುಗಳ ಸನ್ನದನ್ನು ಪ್ರಕಟಿಸಿತು. ಸದಸ್ಯರ ಸಂಖ್ಯೆಗೆ ತಕ್ಕ, ಯೋಗ್ಯವಾದ ವಸತಿ ಕುಟುಂಬದ ಹಕ್ಕು ಎಂದು ಅದರ 11ನೆಯ ವಿಧಿ ತಿಳಿಸುತ್ತದೆ. ವಲಸೆ ಬಂದವರ ಕುಟುಂಬಗಳಿಗೂ ಇತರರಷ್ಟೇ ರಕ್ಷಣೆ ಸಿಗಬೇಕೆಂದು 12ನೆಯ ವಿಧಿ ಹೇಳುತ್ತದೆ. ಹಾಗಾದರೆ ಮನೆ ಹುಡುಕುವವರು, ಮನೆ ಇರುವವರು ಏನು ಮಾಡಬೇಕು?

ಮನೆ ಹುಡುಕುವವರಿಗೆ

1. ಬಾಡಿಗೆಯೊಂದನ್ನೇ ನೋಡಬೇಡಿ, ತಿಂಗಳ ಒಟ್ಟು ಖರ್ಚು ನೋಡಿ. ಉದಾಹರಣೆಗೆ, ದೂರದ ಮನೆಗೆ 4,000 ರೂಪಾಯಿ, ಕೆಲಸದ ಜಾಗದ ಹತ್ತಿರದ ಮನೆಗೆ 5,500 ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ದಿನಕ್ಕೆ ತಲಾ 40 ರೂಪಾಯಿ ಬಸ್ಸಿಗೆ ಕೊಟ್ಟರೆ 25 ದಿನಕ್ಕೆ 2,000 ಆಯಿತು. ಅಗ್ಗದ ಮನೆಯೇ ತುಟ್ಟಿಯಾಯಿತು! 2023ರಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದರೂ ಅದು ಸರ್ಕಾರಿ ಬಸ್ಸುಗಳಿಗೆ ಮಾತ್ರ. ಮಂಗಳೂರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವರದು ಎಂಬುದನ್ನು ಮರೆಯಬೇಡಿ.

2. ಸೂರು, ಗೋಡೆ, ಬಾವಿ ನೋಡಿ. ಕಲಬುರಗಿ ಕಡೆ ವರ್ಷವಿಡೀ ಬೀಳುವಷ್ಟು ಮಳೆ ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವುದುಂಟು. ಹೆಂಚು ಒಡೆದಿದೆಯೇ? ಗೋಡೆಯಲ್ಲಿ ಹಳೆಯ ತೇವದ ಗುರುತಿದೆಯೇ? ಸಮುದ್ರದ ಸಮೀಪವಾದರೆ ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆಯೇ ಎಂದು ನೆರೆಯವರನ್ನು ಕೇಳಿ.

3. ಮಾತನ್ನು ಕಾಗದಕ್ಕೆ ಇಳಿಸಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಅದಕ್ಕೇ 11 ತಿಂಗಳ ಕರಾರು ರೂಢಿಯಲ್ಲಿದೆ. ಬಾಡಿಗೆ, ಮುಂಗಡ, ನೀರು, ಕರೆಂಟು, ಮನೆ ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಎಲ್ಲವನ್ನೂ ಬರೆಸಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ರಾಜ್ಯಗಳು ತಮ್ಮ ಕಾನೂನಾಗಿಸಿಕೊಂಡರೆ ಮಾತ್ರ ಅದು ಕಡ್ಡಾಯ. ಆದರೂ ಮಾತುಕತೆಗೆ ಅದೊಂದು ನ್ಯಾಯವಾದ ಅಳತೆ.

4. ನಿಮ್ಮ ಸವಲತ್ತುಗಳನ್ನು ಊರಿನಲ್ಲೇ ಬಿಟ್ಟು ಬರಬೇಡಿ. ಕರಜಗಿಯ ರೇಷನ್ ಕಾರ್ಡಿಗೆ ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಸಿಗುತ್ತದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು, ಆದರೆ ಮನೆಗೆ ಪ್ರತ್ಯೇಕ ಮೀಟರ್ ಇರಬೇಕು. ವರ್ಗಾವಣೆ ಪತ್ರ ತಡವಾಯಿತೆಂದು 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹಾಗೆನ್ನುತ್ತದೆ.

ಮನೆ ಇರುವವರಿಗೆ

ಈಗ ಕರಾವಳಿಯ ಓದುಗರಿಗೆ ಒಂದು ಮಾತು. ನಿಮ್ಮ ಮನೆಯ ಹಿಂದೆ ಬಿಡಾರವೊಂದು ಖಾಲಿ ಇರಬಹುದು. ಘಟ್ಟದ ಮೇಲಿನವರು ಕೇಳಿಕೊಂಡು ಬಂದಾಗ, ಮುಖ ನೋಡಿಯೇ ಇಲ್ಲ ಎನ್ನುತ್ತೇವೆಯೇ? ನಿಮ್ಮ ಆತಂಕವೂ ಸುಳ್ಳಲ್ಲ. ಬಾಡಿಗೆ ಬಾಕಿಯಾದರೆ? ನಾಲ್ವರೆಂದು ಬಂದು ಹತ್ತು ಜನ ಸೇರಿದರೆ? ಇದಕ್ಕೆಲ್ಲ ಪರಿಹಾರ ಬರವಣಿಗೆಯ ಕರಾರು. ವಾಸಿಸುವವರ ಹೆಸರು ಬರೆದುಕೊಳ್ಳಿ, ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ, ಕೆಲಸ ಕೊಟ್ಟವರನ್ನು ವಿಚಾರಿಸಿ. ಊರು, ಜಾತಿ, ಭಾಷೆ ಕೇಳಿ ಬಾಗಿಲು ಮುಚ್ಚುವುದು ಮಾತ್ರ ಬೇಡ.

ನಜರೇತಿನಿಂದ ಬಂದ ಬಡಗಿ ಜೋಸೆಫರಿಗೂ ತುಂಬು ಗರ್ಭಿಣಿ ಮರಿಯಳಿಗೂ ಬೆತ್ಲೆಹೇಮಿನಲ್ಲಿ ಸ್ಥಳವಿರಲಿಲ್ಲ. ಪ್ರತಿ ಕ್ರಿಸ್ತಜಯಂತಿಗೆ ಅವರಿಗಾಗಿ ಗೋದಲಿ ಕಟ್ಟುವ ನಾವು, ದುಡಿಯಲು ಬಂದ ಇನ್ನೊಂದು ಸಂಸಾರಕ್ಕೆ ನ್ಯಾಯವಾದ ಬಾಡಿಗೆಗೆ ಒಂದು ಬಿಡಾರ ಕೊಡಲಾರೆವೇ?

ಮನೆಯಲ್ಲಿ ಚರ್ಚಿಸಿ

* ನಮ್ಮ ವಾರ್ಡಿನಲ್ಲಿ ಹೊರ ಊರಿನ ಎಷ್ಟು ಕುಟುಂಬಗಳಿವೆ? ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ?
* ಖಾಲಿ ಇರುವ ಮನೆಗಳ ವಿವರ ಗುರಿಕಾರರ ಬಳಿ ಇದ್ದರೆ ಹುಡುಕುವವರಿಗೆ ಅನುಕೂಲವಲ್ಲವೇ?
* ನಾವು ಕೇಳುವ ಮುಂಗಡವನ್ನು ಕೂಲಿಯವನೊಬ್ಬ ಎಷ್ಟು ತಿಂಗಳು ದುಡಿದು ಕೂಡಿಸಬೇಕು?