ಆಕಾಶದಿಂದ ಬೀಳುವ ಬೆಂಕಿ

ಓದತಕ್ಕ ಭಾಗ: ಲೂಕ 9:51–56

ನಮ್ಮ ಕರ್ತನು ಯೆರೂಸಲೇಮಿಗೆ ಹೋಗುತ್ತಿದ್ದಾಗ ಸಮಾರ್ಯದ ಒಂದು ಹಳ್ಳಿಯವರು ಆತನಿಗೆ ಇಳಿದುಕೊಳ್ಳಲು ಸ್ಥಳ ಕೊಡಲಿಲ್ಲ. ಯಾಕೋಬ ಯೋಹಾನರು ಕೋಪಗೊಂಡು, ಆಕಾಶದಿಂದ ಬೆಂಕಿ ಬಿದ್ದು ಆ ಊರು ಸುಟ್ಟುಹೋಗಲೆಂದು ಹೇಳೋಣವೋ ಎಂದು ಕೇಳಿದರು. ಬಾಗಿಲು ಮುಚ್ಚಿದವರು ಕೆಲವರು. ಸುಡಬೇಕೆಂದದ್ದು ಇಡೀ ಹಳ್ಳಿಯನ್ನು. ತೊಟ್ಟಿಲ ಕೂಸೂ ಹಾಸಿಗೆ ಹಿಡಿದ ಮುದುಕಿಯೂ ಆ ಹಳ್ಳಿಯಲ್ಲಿ ಇದ್ದೇ ಇದ್ದರು. ಕರ್ತನು ತಿರುಗಿಕೊಂಡು ಶಿಷ್ಯರನ್ನು ಗದರಿಸಿ ಬೇರೊಂದು ಹಳ್ಳಿಗೆ ಹೋದನು.

ಆ ಕಾಲದಲ್ಲಿ ಅಂಥ ಬೆಂಕಿಯು ಮನುಷ್ಯನ ಕೈಯಲ್ಲಿರಲಿಲ್ಲ. ವಿಮಾನವು ಬಂದ ಮೇಲೆ ಅದು ಅವನ ಕೈಗೆ ಬಂದಿದೆ. ಆದಕಾರಣ ಶಿಷ್ಯರ ಪ್ರಶ್ನೆಯು ಈಗ ನಮ್ಮ ಮುಂದೆಯೂ ಇದೆ.

1. ಈ ಸಂಗತಿಯು ನಮಗೆ ದೂರದ್ದಲ್ಲ

ಅಂದೋಲಾ ಸೀಮೆಯು ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ, ಮೊದಲನೆಯ ಮಹಾಯುದ್ಧಕ್ಕಾಗಿ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷ್ ವಾಯುಸೇನೆಯ 110ನೆಯ ಪಡೆಗೆ ವಿಮಾನಗಳನ್ನು ದಾನಮಾಡಿದರು. ಅದಕ್ಕೆ ‘ಹೈದರಾಬಾದ್ ಪಡೆ’ ಎಂಬ ಹೆಸರಾಯಿತು. ಇದು ನಿಜಾಮರ ಕಾಣಿಕೆಯೆಂದು ವಿಮಾನಗಳ ಮೇಲೆ ಬರೆಯಲಾಗಿತ್ತು. ಅರಸರ ಐಶ್ವರ್ಯಕ್ಕೆ ಮೂಲವು ರೈತನು ತೆತ್ತ ಹೊಲದ ಕಂದಾಯವಲ್ಲವೇ? 1918ರ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಆ ವಿಮಾನಗಳು ಫ್ರಾಂಕ್‌ಫರ್ಟ್ ಮೊದಲಾದ ಜರ್ಮನಿಯ ಪಟ್ಟಣಗಳ ಮೇಲೆ ಬಾಂಬು ಹಾಕಿದವು. ಆ ದಂಡಿನ ಸೇನಾಪತಿಯಾದ ಟ್ರೆಂಚರ್ಡನು, ಬಾಂಬಿನಿಂದಾಗುವ ವಸ್ತುನಷ್ಟಕ್ಕಿಂತ ಜನರ ಮನಸ್ಸಿನ ಮೇಲಾಗುವ ಪರಿಣಾಮವೇ ಇಪ್ಪತ್ತು ಪಾಲು ಹೆಚ್ಚೆಂದು ವರದಿಮಾಡಿದನು. ಕನ್ನಡಕ್ಕೆ ದೊಡ್ಡ ನಿಘಂಟನ್ನು ಕೊಟ್ಟ ಕಿಟ್ಟೆಲರೂ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೂ ಹುಟ್ಟಿದ್ದು ಆ ಜರ್ಮನಿಯಲ್ಲಿಯೇ. ಹೀಗೆ ನಾವು ನೋಡದವರೂ ನಮ್ಮ ನೆರೆಯವರಾಗಿದ್ದರು.

2. ಪಾಪವು ಮೆಟ್ಟಲು ಮೆಟ್ಟಲಾಗಿ ಇಳಿಯುತ್ತದೆ

ಇದೇ ಹೈದರಾಬಾದ್ ಪಡೆಯ ವಿಮಾನಗಳು 1939ರ ಸೆಪ್ಟೆಂಬರ್ 4ರಂದು ಜರ್ಮನಿಯ ಯುದ್ಧದ ಹಡಗುಗಳ ಮೇಲೆ ಎರಗಿದವು. ಊರಿನ ಜನರಿಗೆ ಕೇಡಾಗಬಾರದೆಂಬ ಅಪ್ಪಣೆಯು ಆಗ ಇತ್ತು. ಆದರೆ ಯುದ್ಧವು ಬೆಳೆದಂತೆ ಎರಡು ಪಕ್ಷದವರ ಮನಸ್ಸೂ ಕಲ್ಲಾಯಿತು. 1940ರಲ್ಲಿ ಜರ್ಮನರು ರಾಟರ್‌ಡ್ಯಾಮ್, ಕೊವೆಂಟ್ರಿಗಳನ್ನು ಸುಟ್ಟರು. 1945ರ ಫೆಬ್ರವರಿಯಲ್ಲಿ ಬ್ರಿಟಿಷರೂ ಅಮೇರಿಕದವರೂ ಡ್ರೆಸ್ಡೆನ್ ಪಟ್ಟಣವನ್ನು ಸುಟ್ಟಾಗ ಸುಮಾರು 25,000 ಜನರು ಸತ್ತರು. ಮಾರ್ಚ್ 10ರ ಒಂದೇ ರಾತ್ರಿಯಲ್ಲಿ ಟೋಕಿಯೋದಲ್ಲಿ ಸತ್ತವರು ಹೆಚ್ಚುಕಡಿಮೆ ಒಂದು ಲಕ್ಷ. ಆಗಸ್ಟಿನಲ್ಲಿ ಹಿರೋಷಿಮಾ, ನಾಗಸಾಕಿಗಳು ಅಣುಬಾಂಬಿಗೆ ತುತ್ತಾದವು. ಮೊದಲು ಅಯ್ಯೋ ಎನ್ನಿಸಿದ್ದು ಆರು ವರ್ಷಗಳಲ್ಲಿ ರೂಢಿಯಾಯಿತು.

3. ಜನರು ಹೇಳುವ ನೆವಗಳು

‘ಅವರೇ ಮೊದಲು ಮಾಡಿದರು’ ಎಂಬುದು ಒಂದು ನೆವ. ಕೊವೆಂಟ್ರಿಯ ದೇವಾಲಯವು ಸುಟ್ಟ ಮೇಲೆ ಅಲ್ಲಿಯ ಮುಖ್ಯ ಬೋಧಕರಾದ ರಿಚರ್ಡ್ ಹೊವರ್ಡರು ಸೇಡನ್ನು ಬೇಡಲಿಲ್ಲ. ತಂದೆಯಾದ ದೇವರಿಂದ ಕ್ಷಮೆಯನ್ನು ಬೇಡುವ ಮಾತನ್ನು ಪಾಳುಗೋಡೆಯ ಮೇಲೆ ಬರೆಯಿಸಿದರು. ಕ್ಷಮಿಸು ಎಂದರೇ ಹೊರತು ಅವರನ್ನು ಎಂದು ಕೂಡಿಸಲಿಲ್ಲ. ಕ್ಷಮೆಯು ಎಲ್ಲರಿಗೂ ಬೇಕು.

‘ಹೀಗೆ ಮಾಡಿದರೆ ಯುದ್ಧವು ಬೇಗ ಮುಗಿಯುವುದು’ ಎಂಬುದು ಎರಡನೆಯದು. ಒಳ್ಳೆಯದಾಗಲೆಂದು ಕೆಟ್ಟದ್ದನ್ನು ಮಾಡಬಹುದೆಂಬ ಮಾತನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ತಳ್ಳಿಬಿಟ್ಟಿದ್ದಾನೆ. ಬಿಷಪ್ ಜಾರ್ಜ್ ಬೆಲ್ಲರು 1944ರ ಫೆಬ್ರವರಿ 9ರಂದು ತಮ್ಮ ಸ್ವಂತ ದೇಶದ ಪಾರ್ಲಿಮೆಂಟಿನಲ್ಲಿ ಎದ್ದುನಿಂತು, ಊರಿಗೆ ಊರನ್ನೇ ಸುಡುವುದು ನ್ಯಾಯವೇ ಎಂದು ಕೇಳಿದರು. ಬಹುಜನರು ಅವರ ಮೇಲೆ ಸಿಟ್ಟಾದರು.

‘ಅಧಿಕಾರಿಯ ಕೈಯಲ್ಲಿ ಕತ್ತಿಯನ್ನು ಕೊಟ್ಟವನು ದೇವರಲ್ಲವೇ’ ಎಂಬುದು ಮೂರನೆಯದು. ಹೌದು. ಆದರೆ ಅದೇ ಪತ್ರಿಕೆಯ 13ನೆಯ ಅಧ್ಯಾಯದ ಪ್ರಕಾರ ಆ ಕತ್ತಿಯು ಕೆಟ್ಟದ್ದನ್ನು ಮಾಡುವವನಿಗಾಗಿ ಇದೆ. ಮುತ್ತಿಗೆ ಹಾಕಿದಾಗ ಹಣ್ಣಿನ ಮರವನ್ನು ಸಹ ಕಡಿಯಬಾರದೆಂದು ಧರ್ಮೋಪದೇಶಕಾಂಡ 20ರಲ್ಲಿ ವಿಧಿಸಿದ ದೇವರು ಕೂಸನ್ನು ಸುಡಲು ಒಪ್ಪುವನೋ? ನಿನೆವೆಯಲ್ಲಿ ಎಡಬಲ ತಿಳಿಯದ ಲಕ್ಷಕ್ಕೂ ಹೆಚ್ಚು ಜನರಿಗಾಗಿಯೂ ದನಕರುಗಳಿಗಾಗಿಯೂ ಆತನು ಮರುಗಿದನು. ಹೋರಾಡುವವರನ್ನೂ ಹೋರಾಡದವರನ್ನೂ ಬೇರೆಬೇರೆಯಾಗಿ ಕಾಣಬೇಕೆಂದು 1977ರ ಜಿನೀವಾ ಒಡಂಬಡಿಕೆಯು ಬರಹದಲ್ಲಿ ಇಟ್ಟಿತು. ದೇವರ ವಾಕ್ಯವು ಅದನ್ನು ಬಹು ಮೊದಲೇ ಕಲಿಸಿತ್ತು.

4. ನಮ್ಮ ಅಂಗಳದಲ್ಲಿಯೂ ಇದೇ ಪಾಪ

ಒಬ್ಬನ ಮೇಲಿನ ಹಗೆಗೆ ಅವನ ಬಣವಿಗೆ ಬೆಂಕಿಯಿಡುವವನು ಏನು ಮಾಡುತ್ತಾನೆ? ಹಗೆಯಾದವನನ್ನು ಬಿಟ್ಟು ಅವನ ಎತ್ತುಗಳನ್ನೂ ಮಕ್ಕಳನ್ನೂ ಉಪವಾಸ ಕೆಡವುತ್ತಾನೆ. 1948ರಲ್ಲಿ ಈ ಗುಲ್ಬರ್ಗಾ ಜಿಲ್ಲೆಯು ಇದನ್ನು ಕಣ್ಣಾರೆ ಕಂಡಿತು. ಮೊದಲು ರಜಾಕಾರರು ಹಳ್ಳಿಗಳನ್ನು ಕಾಡಿದರು. ಸೆಪ್ಟೆಂಬರಿನಲ್ಲಿ ಸೈನ್ಯವು ಬಂದ ಮೇಲೆ, ರಜಾಕಾರರಲ್ಲದ ಮುಸಲ್ಮಾನರನ್ನೂ ಅವರ ಮತದವರೆಂಬ ಒಂದೇ ಕಾರಣಕ್ಕಾಗಿ ಕೊಂದರು. ಇವನು ಅವರವನು, ಆದ್ದರಿಂದ ಸಾಯಲಿ ಎಂಬ ಮಾತು ವಿಮಾನದಲ್ಲಿಯೂ ಅದೇ, ಓಣಿಯಲ್ಲಿಯೂ ಅದೇ. ಎತ್ತರದಿಂದ ಬಾಂಬು ಹಾಕುವವನಿಗೆ ಸಾಯುವವರ ಮುಖವು ಕಾಣುವುದಿಲ್ಲ, ದೇವರಿಗೆ ಕಾಣುತ್ತದೆ.

ಆದಕಾರಣ ಪ್ರಿಯರೇ, ಯಾವ ದೇಶದ ಊರು ಸುಟ್ಟಿತೆಂದು ಕೇಳಿದರೂ ನಾವು ಹಿಗ್ಗದಿರೋಣ. ನಮ್ಮ ಪಕ್ಷವೇ ತಪ್ಪು ಮಾಡಿದಾಗ ಅದನ್ನು ತಪ್ಪೆಂದು ಹೇಳೋಣ. ಕೆಳಗೆ ಅವಿತವರಿಗಾಗಿಯೂ ಮೇಲೆ ಹಾರುವವರಿಗಾಗಿಯೂ ಹೆಸರಿಟ್ಟು ಪ್ರಾರ್ಥಿಸೋಣ. ಬೆಂಕಿಯನ್ನು ಕರೆದ ಯೋಹಾನನೇ ಮುಂದೆ ಪೇತ್ರನೊಂದಿಗೆ ಸಮಾರ್ಯಕ್ಕೆ ಹೋಗಿ, ಅಲ್ಲಿಯವರು ಪವಿತ್ರಾತ್ಮನನ್ನು ಹೊಂದಬೇಕೆಂದು ಪ್ರಾರ್ಥಿಸಿದನೆಂದು ಅಪೊಸ್ತಲರ ಕೃತ್ಯಗಳು 8ರಲ್ಲಿ ಓದುತ್ತೇವೆ. ಅಂದು ಆ ಸೀಮೆಯ ಹಳ್ಳಿಯು ಸುಟ್ಟಿದ್ದರೆ ಆ ಪ್ರಾರ್ಥನೆಯು ಯಾರಿಗಾಗಿ ಆಗುತ್ತಿತ್ತು?

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ಕರ್ತನು ಗದರಿಸಿದ್ದು ಯಾರನ್ನು? ಹಳ್ಳಿಯವರನ್ನೋ, ಶಿಷ್ಯರನ್ನೋ?
2. ಆದಿಕಾಂಡ 18ರಲ್ಲಿ ಅಬ್ರಹಾಮನು ಸೊದೋಮಿಗಾಗಿ ಹೇಗೆ ಬೇಡಿಕೊಂಡನು?
3. ನಮ್ಮ ಊರಿನಲ್ಲಿ ಒಬ್ಬನ ತಪ್ಪಿಗಾಗಿ ಅವನ ಮನೆಯವರನ್ನೆಲ್ಲ ಹಗೆಮಾಡುತ್ತಿದ್ದೇವೆಯೋ?